ದಾಖಲಾದವರು, ಬಿಡುಗಡೆಯಾದವರು

ಇಸ್ತ್ರಿ ಮುಗಿಸಿಕೊಂಡೇ ಡಾಕ್ಟರಿಗೆ ಫೋನು ಮಾಡಿದ್ದು ಆಲ್ವಿನಾ ಸೀಫ್ಕೆನ್ ಮಾಡಿದ ತಪ್ಪು.

ಬೆಳಿಗ್ಗೆ ಏಳಕ್ಕೇ ಬಲಪಕ್ಕೆಯ ಕೆಳಗೆ ಯಾರೋ ಚಾಕು ಇಟ್ಟು ತಿರುವಿದಂಥ ನೋವು ಶುರುವಾಗಿತ್ತು. ಆದರೆ ಅವತ್ತು ಮಂಗಳವಾರ. ಸೋಮವಾರ ಒಗೆದದ್ದನ್ನು ಮಂಗಳವಾರ ಇಸ್ತ್ರಿ ಮಾಡದೆ ಬಿಟ್ಟ ಹೆಂಗಸು ಕೆಟ್ಲರ್ ಊರಿನಲ್ಲಿ ಇರಲಿಲ್ಲ. ಇದ್ದರೂ ಅವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಸಾಲದ್ದಕ್ಕೆ ಆ ವಾರ ಚರ್ಚಿನ ಬಿಳಿ ಹಾಸುಬಟ್ಟೆಗಳ ಪಾಳಿ ಆಲ್ವಿನಾಳದ್ದು. ಅರವತ್ತೇಳು ವರ್ಷದ ಆಕೆ ಒಂದು ಕೈಯಲ್ಲಿ ಪಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಎಳೆದು, ಅಂಚಿಗೆ ಅಂಚು ಕೂಡಿಸಿ ಎಲ್ಲವನ್ನೂ ಮಡಿಸಿಟ್ಟು, ಆಮೇಲೆ ಫೋನಿನ ಪಕ್ಕದ ಕುರ್ಚಿಯಲ್ಲಿ ಕುಸಿದಳು. ನೆರೆಮನೆಯ ಫೋಲ್ಕರ್ಟ್ಸ್ ತನ್ನ ಮೊಟ್ಟೆ ಸಾಗಿಸುವ ಟ್ರಕ್ಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆ ಮುಟ್ಟಿಸಿದಾಗ ಅಲ್ಲಿನ ಗೋಡೆ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ.

ಗಾಲಿಮಂಚದ ಮೇಲೆ ಮಲಗಿದಲ್ಲಿಂದಲೇ ಆಲ್ವಿನಾ ದೊಡ್ಡ ನರ್ಸಮ್ಮನ ತೋಳು ಹಿಡಿದಳು. ದೊಡ್ಡ ನರ್ಸಮ್ಮ ಎಂದರೆ ವ್ಲಾಸ್ಟಾ ಪ್ರೊಹಾಸ್ಕಾ. ಈಗ ಐವತ್ತು ದಾಟಿದವಳು, ಆದರೆ ಆಲ್ವಿನಾ ಅವಳನ್ನು ತೊಟ್ಟಿಲಿನಿಂದ ಬಲ್ಲಳು.

"ವ್ಲಾಸ್ಟಾ, ಪತ್ರಿಕೆಯ ಇರ್ಮಾ ಫೋನ್ ಮಾಡಿ ಆಯ್ತೇನೇ?"

"ಹನ್ನೆರಡಕ್ಕೇ ಮಾಡಿದ್ರು, ಪಟ್ಟಿ ಬರ್ಕೊಂಡೂ ಆಯ್ತು. ಈಗ ಅದೆಲ್ಲ ಯಾಕೆ? ಉಸಿರು ಎಳ್ಕೊಳ್ಳಿ."

"ಅಯ್ಯೋ, ಹಾಳಾಯ್ತು!" ಎಂದಳು ಆಲ್ವಿನಾ. ನೋವಿಗೆ ಹಾಗಂದಳೆಂದುಕೊಂಡು ವ್ಲಾಸ್ಟಾ ಸೂಜಿ ಚುಚ್ಚಿದಳು.

ಕೆಟ್ಲರಿನ ವಾರಪತ್ರಿಕೆ ಗುರುವಾರ ಬರುತ್ತಿತ್ತು. ಮೊದಲ ಪುಟದಲ್ಲಿ ಏನಿರುತ್ತಿತ್ತೋ ಯಾರಿಗೂ ನೆನಪಿರುತ್ತಿರಲಿಲ್ಲ. ಎಲ್ಲರೂ ಮೊದಲು ತೆಗೆಯುತ್ತಿದ್ದುದು ಐದನೆಯ ಪುಟ. ಎಡಗಡೆ ಕೋರ್ಟುಕಚೇರಿಯ ದಾಖಲೆಗಳು: ಯಾರ ಜಮೀನು ಯಾರ ಹೆಸರಿಗಾಯಿತು, ಯಾರು ಮದುವೆಗೆ ಪರವಾನಗಿ ತೆಗೆದರು, ಯಾರು ಕಾರು ಜೋರಾಗಿ ಓಡಿಸಿ ದಂಡ ಕಟ್ಟಿದರು. ಬಲಗಡೆ ಆಸ್ಪತ್ರೆ ವಾರ್ತೆ: ದಾಖಲಾದವರು, ಬಿಡುಗಡೆಯಾದವರು, ಹುಟ್ಟಿದ ಮಕ್ಕಳು. ಮಂಗಳವಾರ ಮಧ್ಯಾಹ್ನ ಇರ್ಮಾ ಗ್ಯಾಸ್ಕಿಲ್ ಎಂಬ ಕುಮಾರಿ ಆಸ್ಪತ್ರೆಗೆ ಫೋನು ಮಾಡಿ ಹೆಸರುಗಳನ್ನು ಬರೆದುಕೊಂಡರೆ ಆ ವಾರದ ಬಾಗಿಲು ಮುಚ್ಚಿತು. ಆಮೇಲೆ ಬಂದವರು ಸತ್ತರೂ ಮುಂದಿನ ಗುರುವಾರಕ್ಕೇ.

ಪಟ್ಟಿಯಲ್ಲಿ ಹೆಸರು ಬಂತೆಂದರೆ ಊರಿಗೆ ಊರೇ ಕರೆಯೋಲೆ ಕೊಟ್ಟಂತೆ. ಎರಡರಿಂದ ನಾಲ್ಕರವರೆಗೆ ನೋಡುವ ಹೊತ್ತು. ನೆಂಟರು, ನೆರೆಯವರು, ಹಿಂದೆಂದೋ ಹಸು ಮಾರಿದವರು, ಎಲ್ಲರೂ ಬಂದು ಕುರ್ಚಿಯ ತುದಿಯಲ್ಲಿ ಇಪ್ಪತ್ತು ನಿಮಿಷ ಕೂತು ಹೋಗಬೇಕು. ಮಾತು ಬಿಟ್ಟವರೂ ಬರಬೇಕು. ಇದನ್ನು ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿರಲಿಲ್ಲ, ಆದರೆ ತಪ್ಪಿಸಿದವರೂ ಇರಲಿಲ್ಲ. ಗ್ರೋನ್‌ವೋಲ್ಡ್ ಅಣ್ಣತಮ್ಮಂದಿರು ಬೇಲಿಯ ಸಲುವಾಗಿ ಇಪ್ಪತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅಣ್ಣನ ಹೆಸರು ಪಟ್ಟಿಯಲ್ಲಿ ಬಂದ ದಿನ ತಮ್ಮ ಒಂದು ಚೀಲ ವಾಲ್‌ನಟ್ ಹಿಡಿದುಕೊಂಡು ಬಂದು, ಜೋಳದ ಬೆಳೆಯ ಬಗ್ಗೆ ಮಾತಾಡಿ, ಹೋಗಿದ್ದ. ಅವನು ಸೋತ ಎಂದು ಯಾರೂ ಅನ್ನಲಿಲ್ಲ. ಆಸ್ಪತ್ರೆಗೆ ಹೋದದ್ದು ಸೋಲಲ್ಲ. ಅದೇ ಮನೆಯ ಹೊಸ್ತಿಲು ದಾಟಿದ್ದರೆ ಸೋಲು.

ಆಲ್ವಿನಾಳ ತಂಗಿ ಹುಲ್ಡಾ ಊರಿಂದ ಎಂಟು ಮೈಲಿ ದೂರದ ಹೊಲಮನೆಯಲ್ಲಿದ್ದಳು. ಅಕ್ಕತಂಗಿ ಮಾತು ಬಿಟ್ಟು ಏಳು ವರ್ಷವಾಗಿತ್ತು.

ಅದೂ ಐದನೆಯ ಪುಟದಿಂದಲೇ ಬಂದದ್ದು. ವಿಧವೆಯಾಗಿದ್ದ ಹುಲ್ಡಾ ರೂಡಿ ಓಸ್ಟರ್‌ಮನ್ ಎಂಬವನನ್ನು ಮದುವೆಯಾಗಲು ಪರವಾನಗಿ ತೆಗೆದಾಗ ಕೋರ್ಟುಕಚೇರಿಯಲ್ಲಿ ವಯಸ್ಸು ಐವತ್ಮೂರು ಎಂದು ಬರೆಸಿದಳು. ರೂಡಿಗೆ ಐವತ್ತೈದು. ಪತ್ರಿಕೆ ಹೆಸರಿನ ಜೊತೆ ವಯಸ್ಸನ್ನೂ ಅಚ್ಚು ಹಾಕಿತು. ಅದನ್ನೋದಿದ ಆಲ್ವಿನಾ ಒಂದು ಕಾರ್ಡು ಬರೆದು ಪತ್ರಿಕೆಗೆ ಹಾಕಿದಳು. ಮುಂದಿನ ಗುರುವಾರ ಸುತ್ತ ಗೆರೆಯ ಚೌಕಟ್ಟು ಹಾಕಿ ಅದೂ ಬಂತು: "ತಿದ್ದುಪಡಿ. ಕಳೆದ ವಾರದ ಮದುವೆ ಪರವಾನಗಿ ಪಟ್ಟಿಯಲ್ಲಿ ವಧುವಿನ ವಯಸ್ಸು ಐವತ್ತೆಂಟು ಎಂದಿರಬೇಕು. ವಧುವಿನ ಅಕ್ಕ ತಿಳಿಸಿದ್ದಾರೆ." ಮದುವೆ ಅದರ ಮುಂದಿನ ಶನಿವಾರ. ಆಲ್ವಿನಾಳಿಗೆ ಕರೆ ಬರಲಿಲ್ಲ.

ಆಲ್ವಿನಾ ತಪ್ಪು ಮಾಡಿದೆನೆಂದು ಎಂದೂ ಒಪ್ಪಿರಲಿಲ್ಲ. ಐವತ್ತೆಂಟು ಐವತ್ತೆಂಟೇ. ಆದರೆ ಏಳು ವರ್ಷ ದೀರ್ಘವಾಯಿತು. ಆಲ್ವಿನಾಳ ಗಂಡ, ಹುಲ್ಡಾಳ ಮೊದಲ ಗಂಡ ಇಬ್ಬರೂ ಮಣ್ಣಾಗಿದ್ದರು, ತಾಯಿತಂದೆ ಮಣ್ಣಾಗಿದ್ದರು, ಇವರು ಹುಟ್ಟಿದ ಮನೆಯನ್ನು ಕೆಡವಿ ಯಾರೋ ಕೋಳಿಗೂಡು ಕಟ್ಟಿದ್ದರು. ಹೋದ ವರ್ಷದಿಂದ ಆಲ್ವಿನಾ ಒಂದೇ ಲೆಕ್ಕ ಹಾಕುತ್ತಿದ್ದಳು: ಒಮ್ಮೆ ಹೆಸರು ಪಟ್ಟಿಯಲ್ಲಿ ಬರಬೇಕು. ಹುಲ್ಡಾ ಬಂದೇ ಬರಬೇಕಾಗುತ್ತದೆ. ಆದರೆ ಆಲ್ವಿನಾ ಎಮ್ಮೆಯ ಹಾಗೆ ಗಟ್ಟಿಮುಟ್ಟಾಗಿದ್ದಳು. ಈಗ ದೇವರು ಕರುಣಿಸಿ ಪಿತ್ತಕೋಶದಲ್ಲಿ ಕಲ್ಲು ಕೊಟ್ಟರೆ, ಎರಡು ಗಂಟೆ ಹತ್ತು ನಿಮಿಷ ತಡ.

ಪಕ್ಕದ ಹಾಸಿಗೆಯಲ್ಲಿ ಲೀನಾ ಟಿಯಾಡೆನ್ ಇದ್ದಳು. ಮಂಜಿನ ಮೇಲೆ ಜಾರಿ ಕಾಲು ಮುರಿದುಕೊಂಡು, ಆ ಕಾಲನ್ನು ರಾಟೆಗೆ ತೂಗುಹಾಕಿಸಿಕೊಂಡು ನಾಲ್ಕು ವಾರವಾಗಿತ್ತು. ಗೋಡೆಯಲ್ಲಿ ಎಷ್ಟು ಬಿರುಕಿವೆ ಎಂದು ಎಣಿಸಿ ಮುಗಿಸಿದ್ದಳು. ಆಲ್ವಿನಾ ಬಂದದ್ದು ಅವಳಿಗೆ ಹಬ್ಬ.

ಗುರುವಾರ ಪತ್ರಿಕೆ ಬಂತು. ಆಲ್ವಿನಾಳ ಹೆಸರಿರಲಿಲ್ಲ. ಎರಡರಿಂದ ನಾಲ್ಕರವರೆಗೆ ಪಾದ್ರಿ ಒಬ್ಬರೇ ಬಂದರು. ಅವರು ಪಟ್ಟಿ ನೋಡಿ ಬರುವವರಲ್ಲ.

"ಊರಿಗೆಲ್ಲ ಗೊತ್ತಲ್ಲೇ ನೀನಿಲ್ಲಿರೋದು," ಎಂದಳು ಲೀನಾ. "ಫೋಲ್ಕರ್ಟ್ಸ್ ಟ್ರಕ್ಕಲ್ಲಿ ಬಂದೋಳು ನೀನು. ಹುಲ್ಡಾಗೆ ಬುಧವಾರವೇ ಸುದ್ದಿ ಮುಟ್ಟಿರುತ್ತೆ."

"ಮುಟ್ಟಿರುತ್ತೆ. ಆದ್ರೆ ಬಾಯಿಂದ ಬಾಯಿಗೆ ಬಂದ ಸುದ್ದಿ ಕೇಳಿ ಬಂದ್ರೆ, ಅಕ್ಕನ ವಿಷಯ ವಿಚಾರಿಸ್ತಾ ಇದ್ಲು ಅಂತ ಆಗುತ್ತಲ್ಲ. ಅವಳು ಬರಲ್ಲ. ಅವಳ ಜಾಗದಲ್ಲಿ ನಾನಿದ್ರೆ ನಾನೂ ಬರ್ತಿರ್ಲಿಲ್ಲ."

"ಮಹಾ ಮಾನವಂತರು, ಇಬ್ರೂ."

ಆಲ್ವಿನಾ ಕೋಣೆಯ ಹೊರಗಿನ ಮೇಜಿನ ಫೋನಿನಿಂದ ಇರ್ಮಾಳನ್ನೇ ಹಿಡಿದಳು. ಮುಂದಿನ ವಾರದ ಪತ್ರಿಕೆ ಬರುವವರೆಗೆ ಡಾಕ್ಟರು ತನ್ನನ್ನು ಇಟ್ಟುಕೊಳ್ಳದಿದ್ದರೆ, ಈಗಲೇ ಎಲ್ಲಾದರೂ ಎರಡು ಸಾಲು ಹಾಕಿಸಬಹುದೇ ಎಂದು ಕೇಳಿದಳು.

"ಪಟ್ಟಿ ಕೊಡೋದು ಆಸ್ಪತ್ರೆಯೋರು, ಮಿಸೆಸ್ ಸೀಫ್ಕೆನ್," ಎಂದಳು ಇರ್ಮಾ. "ರೋಗಿಗಳು ಫೋನ್ ಮಾಡಿದ್ದನ್ನೆಲ್ಲ ಹಾಕೋಕೆ ಶುರು ಮಾಡಿದ್ರೆ ಈ ಜಿಲ್ಲೇಲಿ ಎದ್ದು ಓಡಾಡೋರೇ ಯಾರೂ ಉಳಿಯಲ್ಲ. ಅಲ್ಲದೆ ಪತ್ರಿಕೆ ಇವತ್ತು ಹಂಚಿಯೂ ಆಗೋಯ್ತಲ್ಲ. ಮುಂದಿನ ಗುರುವಾರದವರೆಗೂ ಹಾಸಿಗೆ ಬಿಡ್ಬೇಡಿ, ಅಷ್ಟೇ ನಾನು ಹೇಳೋದು."

ಆಲ್ವಿನಾಳಿಗೂ ಅದೇ ಸರಿ ಅನ್ನಿಸಿತು. ಮುಂದಿನ ಗುರುವಾರ ಅವಳು ಮನೆಯಲ್ಲಿದ್ದರೆ, ಹೆಸರು ದಾಖಲಾದವರಲ್ಲೂ ಬರುತ್ತದೆ, ಬಿಡುಗಡೆಯಾದವರಲ್ಲೂ ಬರುತ್ತದೆ, ಹುಲ್ಡಾ ಕನ್ನಡಕ ತೆಗೆದು ಮಡಿಸಿಟ್ಟುಕೊಂಡು ತನ್ನ ಕೆಲಸಕ್ಕೆ ಹೋಗುತ್ತಾಳೆ. ಮನೆಗಂತೂ ಬರುವವಳಲ್ಲ. ಏಳು ವರ್ಷ ಎಂಟಾಗುತ್ತದೆ. ಎಂಟು ಹತ್ತಾಗುತ್ತದೆ. ಆಮೇಲೆ ಐದನೆಯ ಪುಟದಲ್ಲಲ್ಲ, ಎರಡನೆಯ ಪುಟದಲ್ಲಿ, ಕಪ್ಪು ಗೆರೆಯ ನಡುವೆ ಹೆಸರು ಬರುತ್ತದೆ.

ಶುಕ್ರವಾರ ಬೆಳಿಗ್ಗೆ ಡಾಕ್ಟರು ಬಂದ. ಲಿಂಡ್‌ಗ್ರೆನ್ ಎಂದು ಹೆಸರು, ಪಟ್ಟಣದಿಂದ ಬಂದು ಮೂರು ತಿಂಗಳಾದ ಹುಡುಗುಮುಖದ ಡಾಕ್ಟರು.

"ಚೆನ್ನಾಗಿದೀರಿ. ನಾಳೆ ಮನೆಗೆ ಹೋಗ್ಬಹುದು."

"ನೋವಿದೆಯಲ್ಲ, ಡಾಕ್ಟ್ರೇ."

"ಇನ್ನೂ ಇದೆಯಾ? ಎಲ್ಲಿ?"

ಆಲ್ವಿನಾ ಜೀವಮಾನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಗಡಿಬಿಡಿಯಲ್ಲಿ ಪಕ್ಕೆ ಮುಟ್ಟಿ ತೋರಿಸಿದಳು.

"ಅದು ಎಡಗಡೆ, ಮಿಸೆಸ್ ಸೀಫ್ಕೆನ್. ಕಲ್ಲಿರೋದು ಬಲಗಡೆ."

"ವಯಸ್ಸಾದೋರ ಕಲ್ಲು ಡಾಕ್ಟ್ರೇ," ಎಂದಳು ಲೀನಾ ಪಕ್ಕದಿಂದ. "ಒಂದು ಕಡೆ ನಿಲ್ಲಲ್ಲ. ಓಡಾಡ್ತಿರುತ್ತೆ."

ಡಾಕ್ಟರು ಇಬ್ಬರನ್ನೂ ನೋಡಿ, ಏನೋ ಬರೆದುಕೊಂಡು, ನಾಳೆ ಎಂದರೆ ನಾಳೆಯೇ ಎಂದು ಹೇಳಿ ಹೋದ.

ಶನಿವಾರ ಬೆಳಗಿನ ತಟ್ಟೆಯಲ್ಲಿ ಆಲ್ವಿನಾಳಿಗೆ ಬಿಳಿಗಂಜಿ, ಲೀನಾಳಿಗೆ ಹುರಿದ ಹಂದಿಮಾಂಸ. ಕೊಬ್ಬಿನದು ಆಲ್ವಿನಾ ಬಾಯಿಗೇ ಇಡಬಾರದೆಂದು ಕಟ್ಟಪ್ಪಣೆ. ನರ್ಸು ಆಚೆ ಹೋಗುತ್ತಲೂ ಲೀನಾ ಎರಡು ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಹಾಸಿಗೆಯಿಂದ ಹಾಸಿಗೆಗೆ ಎಸೆದಳು.

"ಇದೇನೇ?"

"ಔಷಧಿ. ನೀನು ಸುಳ್ಳು ಹೇಳೋಕೆ ಲಾಯಕ್ಕಿಲ್ಲ. ನಿಜವಾದ ನೋವೇ ತರಿಸ್ಕೋ."

ಆಲ್ವಿನಾ ಕಣ್ಣು ಮುಚ್ಚಿಕೊಂಡು ತಿಂದಳು. ನಾಲ್ಕು ದಿನದ ಗಂಜಿಯ ಮೇಲೆ ಅದು ಅಮೃತದಂತಿತ್ತು. ಹತ್ತೂವರೆಯ ಹೊತ್ತಿಗೆ ಪಕ್ಕೆ ಹಿಡಿದುಕೊಂಡು ಎರಡಾಗಿ ಬಾಗಿಹೋದಳು. ಈ ಸಲ ಬಲಗಡೆಯೇ. ಡಾಕ್ಟರು ಬಂದು, ಮುಖ ಸಣ್ಣ ಮಾಡಿಕೊಂಡು, ಸೋಮವಾರ ಎಕ್ಸ್‌ರೇ ತೆಗೆದು ನೋಡಿ ಆಮೇಲೆ ಹೇಳುತ್ತೇನೆಂದ.

ಜಿಡ್ಡಾದ ಕರವಸ್ತ್ರ ವ್ಲಾಸ್ಟಾಳ ಕೈಗೆ ಸಿಕ್ಕಿತು. ಅವಳು ಅದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಎರಡು ಹಾಸಿಗೆಯ ನಡುವೆ ನಿಂತಳು.

"ಯಾರದಿದು?"

ಲೀನಾ ಗೋಡೆಯ ಬಿರುಕು ಎಣಿಸತೊಡಗಿದಳು.

"ನಂದೇ ಕಣೇ," ಎಂದಳು ಆಲ್ವಿನಾ. "ಕೂತ್ಕೋ, ಹೇಳ್ತೀನಿ."

ಹೇಳುವುದೇನಿತ್ತು, ಊರಿಗೆಲ್ಲ ಗೊತ್ತಿದ್ದದ್ದೇ. ಗೊತ್ತಿರದಿದ್ದುದು ಒಂದೇ: ಆಲ್ವಿನಾ ಸೀಫ್ಕೆನ್ ತಂಗಿಯ ದಾರಿ ನೋಡುತ್ತಿದ್ದಾಳೆ ಎನ್ನುವುದು. ಅದನ್ನು ಹೇಳುವಾಗ ಆಲ್ವಿನಾ ಹೊದಿಕೆಯ ಅಂಚನ್ನು ಮಡಿಸಿ ಮಡಿಸಿ ನೀಟು ಮಾಡುತ್ತಿದ್ದಳು. ವ್ಲಾಸ್ಟಾ ಪೂರ್ತಿ ಕೇಳಿದಳು.

"ಇನ್ನೊಂದು ಸಲ ಹಂದಿ ಮುಟ್ಟಿದ್ರೆ," ಎಂದಳು, "ನಾನೇ ಎತ್ಕೊಂಡ್ಹೋಗಿ ಫೋಲ್ಕರ್ಟ್ಸ್ ಮೊಟ್ಟೆ ಮಧ್ಯೆ ಕೂರಿಸ್ತೀನಿ ನಿಮ್ಮನ್ನ." ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡಳು. ಡಾಕ್ಟರಿಗೆ ಹೇಳಲಿಲ್ಲ.

ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಕೋಣೆಯ ಹೊರಗಿನ ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಆಲ್ವಿನಾ ಉಸಿರು ಹಿಡಿದು ಕೇಳಿದಳು. ವ್ಲಾಸ್ಟಾಳ ದನಿ ಹೆಸರುಗಳನ್ನು ಓದಿಕೊಂಡು ಹೋಗುತ್ತಿತ್ತು, ಯಾರದೋ ಟಾನ್ಸಿಲ್, ಯಾರದೋ ಗಂಡುಮಗು. ಆಮೇಲೆ ಬಂತು: "ಮಿಸೆಸ್ ಗೆರ್‌ಹಾರ್ಡ್ ಸೀಫ್ಕೆನ್. ಹ್ಞಾಂ, ದಾಖಲಾದವರಲ್ಲಿ. ಬಿಡುಗಡೆಯಲ್ಲಿ ಅಲ್ಲ, ಇರ್ಮಾ. ಸರಿಯಾಗಿ ಬರ್ಕೊಳ್ಳಿ."

ಗೆರ್‌ಹಾರ್ಡ್ ತೀರಿ ಹನ್ನೊಂದು ವರ್ಷವಾಗಿತ್ತು. ಪತ್ರಿಕೆಯಲ್ಲಿ ಹೆಂಗಸರು ಗಂಡನ ಹೆಸರಿನಲ್ಲೇ ಕಾಯಿಲೆ ಬೀಳುತ್ತಿದ್ದರು. ಗಂಡ ಇರಲಿ ಬಿಡಲಿ.

"ಬಿತ್ತು ನೋಡು ಹೆಸರು," ಎಂದಳು ಲೀನಾ. ಅಂದು ಮಧ್ಯಾಹ್ನ ಇಬ್ಬರೂ ಒಳ್ಳೇ ನಿದ್ದೆ ಮಾಡಿದರು.

ಆದರೆ ಬುಧವಾರ ಡಾಕ್ಟರು ಎಕ್ಸ್‌ರೇ ಹಾಳೆ ಹಿಡಿದುಕೊಂಡು ಬಂದ. ಸಣ್ಣಸಣ್ಣ ಕಲ್ಲು, ಆತುರವಿಲ್ಲ, ಬೇಸಿಗೆ ಕಳೆದ ಮೇಲೆ ಆಪರೇಷನ್ ನೋಡಿಕೊಳ್ಳೋಣ. "ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಬಿಡುಗಡೆ."

"ನಾಲ್ಕು ಗಂಟೆಗೆ ಮಾಡಿ, ಡಾಕ್ಟ್ರೇ. ಸಂಜೆ ನಾಲ್ಕಕ್ಕೆ."

"ಮೂರು ಗಂಟೆಗೆ ಇನ್ನೊಬ್ರು ಬರ್ತಿದಾರೆ, ಈ ಹಾಸಿಗೆ ಬೇಕು. ಇದು ಹೋಟೆಲ್ಲಲ್ಲ, ಮಿಸೆಸ್ ಸೀಫ್ಕೆನ್."

"ಹೋಟೆಲ್ಲಾಗಿದ್ರೆ ಆ ಗಂಜಿಗೆ ಯಾರು ಬರ್ತಿದ್ರು?" ಎಂದು ಲೀನಾ ಗೊಣಗಿದಳು. ಡಾಕ್ಟರು ಕೇಳಿಸಿಕೊಳ್ಳದವನಂತೆ ಹೊರಟುಹೋದ.

ಗುರುವಾರ ಒಂಬತ್ತಕ್ಕೆ ಪತ್ರಿಕೆ ಬಂತು. ಲೀನಾ ಜೋರಾಗಿ ಓದಿದಳು. ಹೆಸರಿತ್ತು, ಮೇಲಿಂದ ನಾಲ್ಕನೆಯದು. ಹುಲ್ಡಾಳ ಹೊಲಮನೆಗೆ ಅಂಚೆ ಮುಟ್ಟುವುದು ಹನ್ನೊಂದಕ್ಕೆ. ನೋಡುವ ಹೊತ್ತು ಎರಡಕ್ಕೆ. ಇನ್ನು ನಡುವೆ ಉಳಿದಿದ್ದುದು ಅವಳನ್ನು ಮನೆಗೆ ಕರೆದೊಯ್ಯಲು ಬರಬೇಕಿದ್ದ ಫೋಲ್ಕರ್ಟ್ಸ್ ಒಬ್ಬನೇ, ಅವನ ಮೊಟ್ಟೆ ಇಳಿಸುವ ಕೆಲಸ ಎಷ್ಟು ನಿಧಾನವಾದರೆ ಅಷ್ಟು ಒಳ್ಳೆಯದು. ಅವನು ಒಂದೂಕಾಲಿಗೆ ಬಂದ. ಕೆಳಗಿನ ಬೆಂಚಿನ ಮೇಲೆ ಆಲ್ವಿನಾ ಕೋಟು ಹಾಕಿಕೊಂಡು, ಟೋಪಿ ಪಿನ್ನು ಸಿಕ್ಕಿಸಿಕೊಂಡು, ಪೆಟ್ಟಿಗೆ ಕಾಲ ಬಳಿ ಇಟ್ಟುಕೊಂಡು ಕೂತಿದ್ದಳು.

"ಹೊರಡೋಣವಾ?"

"ಕೈಚೀಲ ಬಿಟ್ಟು ಬಂದೆ, ಮೇಲೆ ಹೋಗಿ ತರ್ತೀನಿ."

ಕೈಚೀಲ ತಂದಳು. ಆಮೇಲೆ ಗಂಜಿ ಮಾಡಿದವಳಿಗೆ ಹೇಳಿ ಬರುತ್ತೇನೆಂದು ಹೋದಳು. ಗಂಜಿ ಮಾಡಿದವಳಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷದಲ್ಲಿ ಯಾರೂ ಅದಕ್ಕಾಗಿ ಕೃತಜ್ಞತೆ ಹೇಳಿರಲಿಲ್ಲ. ಆಮೇಲೆ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು.

"ನಂಗೇನೂ ಆತುರವಿಲ್ಲ ಆಲ್ವಿನಾ," ಎಂದ ಫೋಲ್ಕರ್ಟ್ಸ್, ಟೋಪಿ ತಿರುಗಿಸುತ್ತಾ. "ಕೋಳಿಗಳಿಗೆ ಮಾತ್ರ ಒಂಚೂರು ಆತುರ."

ಒಂದೂವರೆಯಾಯಿತು. ಒಂದೂಮುಕ್ಕಾಲಾಯಿತು. ಬಾಗಿಲ ಗಾಜಿನಾಚೆ ಮಾರ್ಚಿ ತಿಂಗಳ ಕೆಸರು ರಸ್ತೆ, ಒಂದು ನಾಯಿ, ಬೇರೇನೂ ಇಲ್ಲ. ಎಂಟು ಮೈಲಿ ಕೆಸರಿನಲ್ಲಿ ಯಾರು ಬರುತ್ತಾರೆ. ಅಲ್ಲದೆ ಹುಲ್ಡಾ ಊರೊಳಗೆ ಕಾರು ಓಡಿಸಲು ಹೆದರುವವಳು. ಹೆಸರು ಬಂದರೆ ಸಾಕು ಎಂದುಕೊಂಡಿದ್ದೆ, ಹೆಸರು ಬಂದೂ ಹುಲ್ಡಾ ಬರದಿದ್ದರೆ? ಆಲ್ವಿನಾಳಿಗೆ ಇದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಹೆಸರು ಬಾರದ ವಾರಗಳಲ್ಲಿ ಹುಲ್ಡಾ ಬರಲಿಲ್ಲವೆಂದು ಹೇಳುವ ಹಾಗಿರಲಿಲ್ಲ. ಈಗ ಹೇಳಬಹುದು.

ಆಲ್ವಿನಾ ಎದ್ದು ನಿಂತಳು. "ನಡಿ, ಹೋಗೋಣ. ನಿನ್ನ ಕೋಳಿ ಕಾಯಬಾರದು."

ಫೋಲ್ಕರ್ಟ್ಸ್ ಪೆಟ್ಟಿಗೆಗೆ ಕೈ ಹಾಕಿದ. ಬಾಗಿಲು ತೆರೆಯಿತು. ಹೊಸ್ತಿಲ ಮೇಲೆ ಹುಲ್ಡಾ ನಿಂತಿದ್ದಳು.

ಕಾಲಿಗೆಲ್ಲ ಕೆಸರು, ಭಾನುವಾರದ ಟೋಪಿ, ಎದೆಗೊತ್ತಿಕೊಂಡ ಪೀಚ್ ಹಣ್ಣಿನ ಬಾಟಲಿ. ಹಿಂದೆ ರಸ್ತೆಯ ಮೇಲೆ ಕಾರು ಅಡ್ಡಡ್ಡ ನಿಂತಿತ್ತು, ಒಂದು ಚಕ್ರ ಕಲ್ಲುಹಾಸಿನ ಮೇಲೆ. ಅರವತ್ತೈದಾದ ಹುಲ್ಡಾ ದಪ್ಪಗಾಗಿದ್ದಳು. ತಾಯಿಯ ಗದ್ದ ಬಂದಿತ್ತು.

ಮೊದಲು ಮಾತಾಡಿದ್ದು ಅವಳೇ. "ನೀನು ಒಳಗಿದೀಯ ಅಂತ ಪತ್ರಿಕೇಲಿತ್ತು."

"ಇದ್ದೆ."

"ಈಗ ಟೋಪಿ ಹಾಕ್ಕೊಂಡು ನಿಂತಿದೀಯಲ್ಲ."

"ಬಿಡುಗಡೆ ಆಯ್ತು."

"ಓಹೋ." ಹುಲ್ಡಾ ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಅವಳ ಮುಖ ನಿಧಾನವಾಗಿ ಕೆಂಪೇರಿತು. "ನಾನು ರೋಗೀನ ನೋಡೋಕೆ ಬಂದೋಳು. ರೋಗಿ ಇಲ್ಲ ಅಂದ್ಮೇಲೆ ನಂಗೇನು ಕೆಲಸ." ಹಿಂದಕ್ಕೆ ತಿರುಗಿದಳು.

ಫೋಲ್ಕರ್ಟ್ಸ್ ಪೆಟ್ಟಿಗೆ ಕೆಳಗಿಟ್ಟ.

"ಯಾರಂದ್ರು ಬಿಡುಗಡೆ ಆಯ್ತು ಅಂತ?" ಎಂದಿತು ಮೇಲಿನಿಂದ ಒಂದು ದನಿ.

ಮೆಟ್ಟಿಲ ಮೇಲೆ ವ್ಲಾಸ್ಟಾ ನಿಂತಿದ್ದಳು, ಕಂಕುಳಲ್ಲಿ ಆಸ್ಪತ್ರೆಯ ದೊಡ್ಡ ದಾಖಲೆ ಪುಸ್ತಕ. ಇಳಿದು ಬಂದು, ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿ, ಬೆರಳಿಟ್ಟು ತೋರಿಸಿದಳು. "ನೋಡಿ, ಮಿಸೆಸ್ ಓಸ್ಟರ್‌ಮನ್. ದಾಖಲಾದ ದಿನ ಇದೆ. ಬಿಡುಗಡೆಯಾದ ದಿನ, ಹೊತ್ತು, ಎರಡೂ ಖಾಲಿ. ನಾನು ಬರೆಯೋವರೆಗೂ ಇವರು ರೋಗೀನೇ. ಟೋಪಿ ಹಾಕ್ಕೊಂಡಿರೋ ರೋಗಿ."

"ಡಾಕ್ಟ್ರು ಹನ್ನೊಂದಕ್ಕೇ ಅಂದಿದ್ರಲ್ಲೇ," ಎಂದಳು ಆಲ್ವಿನಾ. ಸತ್ಯ ಹೇಳುವ ಚಟ ಎಲ್ಲಿ ಹೋಗುತ್ತದೆ.

"ನೀವು ಸುಮ್ನಿರಿ! ರೋಗಿಗಳು ಕೆಳಗಡೆ ಓಡಾಡೋ ಹಾಗಿಲ್ಲ, ಮೇಲೆ ನಡೀರಿ. ಹಾಸಿಗೆ ಮೂರಕ್ಕೆ ಬೇಕು, ಅಲ್ಲಿವರೆಗೆ ನಿಮ್ಮದೇ. ನೋಡೋ ಹೊತ್ತು ಎರಡಕ್ಕೆ ಶುರು. ಇನ್ನು ಎಂಟು ನಿಮಿಷ ಇದೆ. ಮಿಸೆಸ್ ಓಸ್ಟರ್‌ಮನ್, ನೀವು ಅಲ್ಲಿವರೆಗೆ ಬೆಂಚಿನ ಮೇಲೆ ಕೂತಿರಿ. ಕಾಲು ಒರೆಸ್ಕೊಳ್ಳಿ."

ಹುಲ್ಡಾ ಅಕ್ಕನನ್ನು ನೋಡಿದಳು, ಪುಸ್ತಕದ ಖಾಲಿ ಮನೆಯನ್ನು ನೋಡಿದಳು. ಆಮೇಲೆ ಬೆಂಚಿನ ಮೇಲೆ ಕೂತು, ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಹಾಗಾದ್ರೆ ಕೋಳಿ..." ಎಂದ ಫೋಲ್ಕರ್ಟ್ಸ್.

"ಹೋಗು, ಹೋಗು," ಎಂದರು ಮೂವರು ಹೆಂಗಸರೂ.

ಎರಡು ಗಂಟೆಗೆ ಹುಲ್ಡಾ ಕೋಣೆಯೊಳಗೆ ಬಂದಾಗ ಆಲ್ವಿನಾ ಹೊಸದಾಗಿ ಹಾಸಿದ ಹಾಸಿಗೆಯ ಮೇಲೆ ಕೋಟಿನ ಸಮೇತ ಅಂಗಾತ ಮಲಗಿದ್ದಳು. ಬೂಟು ಬಿಚ್ಚಿದ್ದಳು, ಟೋಪಿ ತೆಗೆಯಲು ಮರೆತಿದ್ದಳು. ಪಕ್ಕದ ಹಾಸಿಗೆಯಲ್ಲಿ ಲೀನಾ ತೂಗುಬಿದ್ದ ಕಾಲಿನ ಕೆಳಗೆ ಗೊರಕೆ ಹೊಡೆಯುತ್ತಿದ್ದಳು, ಗಡಿಯಾರದಷ್ಟು ಕ್ರಮವಾಗಿ.

ಹುಲ್ಡಾ ಕುರ್ಚಿಯ ತುದಿಯಲ್ಲಿ ಕೂತಳು.

"ಕೆಸರು ಜಾಸ್ತಿ ಈ ವರ್ಷ," ಎಂದಳು.

"ಹೌದು. ಫೋಲ್ಕರ್ಟ್ಸೂ ಅಂದ."

"ರೂಡಿ ಇನ್ನೂ ಓಟ್ಸ್ ಬಿತ್ತಿಲ್ಲ."

"ಹೊತ್ತಿದೆ ಬಿಡು."

"ಪೀಚ್ ತಂದಿದೀನಿ. ನಿಂಗೆ ಆಗುತ್ತೋ ಇಲ್ವೋ."

"ಪೀಚ್ ಆಗುತ್ತೆ. ಹಂದಿ ಆಗಲ್ಲ."

ಗೊರಕೆ ಒಂದು ಕ್ಷಣ ತಪ್ಪಿ ಮತ್ತೆ ದಾರಿಗೆ ಬಂತು. ಅಲ್ಲಿಗೆ ಹೊಲದ ಮಾತು ಮುಗಿಯಿತು. ಗೋಡೆಯ ಗಡಿಯಾರದಲ್ಲಿ ಇನ್ನೂ ಎರಡೂ ಏಳು. ಗ್ರೋನ್‌ವೋಲ್ಡ್ ತಮ್ಮ ಇಪ್ಪತ್ತು ನಿಮಿಷ ಏನು ಮಾತಾಡಿದ್ದನೋ ದೇವರೇ ಬಲ್ಲ.

"ಎಲ್ಲರ ಕಣ್ಣಲ್ಲೂ ಲೆಕ್ಕ ಕಣೇ," ಎಂದಳು ಹುಲ್ಡಾ ಇದ್ದಕ್ಕಿದ್ದಂತೆ, ಕಿಟಕಿಯ ಕಡೆ ನೋಡುತ್ತಾ. "ಮದುವೆ ದಿನ. ಚರ್ಚಿನೊಳಗೆ ನಡ್ಕೊಂಡು ಹೋಗ್ತಿದೀನಿ, ಎರಡೂ ಕಡೆ ಹೆಂಗಸ್ರು ಕೂಡಿ ಕಳೀತಿದಾರೆ. ಐವತ್ತೆಂಟರಲ್ಲಿ ಐವತ್ತೈದು ಹೋದ್ರೆ ಮೂರು ಅಂತ. ರೂಡಿಗೇನೂ ಇಲ್ಲ, ಅವನು ಎರಡು ದಿನ ನಕ್ಕ. ನಂಗೇ."

"ನೀನು ಸುಳ್ಳು ಬರೆಸಿದ್ದೆ."

"ಬರೆಸಿದ್ದೆ. ಅದು ನಿಂಗೊಬ್ಬಳಿಗೇ ಗೊತ್ತಿದ್ದದ್ದು. ಗೊತ್ತಿರೋಳು ಒಬ್ಳು ಉಳಿದಿದಾಳಲ್ಲ, ಅವಳು ಬಾಯಿ ಬಿಡಲ್ಲ ಅಂದ್ಕೊಂಡಿದ್ದೆ."

ಆಲ್ವಿನಾ ಚಾವಣಿ ನೋಡಿದಳು. ಟೋಪಿಯ ಪಿನ್ನು ದಿಂಬಿಗೆ ಚುಚ್ಚಿಕೊಂಡು ತಲೆ ತಿರುಗಿಸಲು ಬಿಡುತ್ತಿರಲಿಲ್ಲ.

"ವಯಸ್ಸು ಓದಿ ಬರೀಲಿಲ್ಲ ನಾನು," ಎಂದಳು. "ಹೆಸರು ಓದಿ ಬರೆದದ್ದು. ನನ್ನ ತಂಗಿಗೆ ಮದುವೆ ಅಂತ ನಾನು ಐದನೇ ಪುಟದಲ್ಲಿ ಓದಬೇಕಾಯ್ತಲ್ಲೇ, ಹುಲ್ಡಿ. ಜೋರಾಗಿ ಕಾರು ಓಡಿಸಿದೋರ ಪಟ್ಟಿ ಪಕ್ಕದಲ್ಲಿ. ಅಂಗಡಿಯೋನಿಗೂ ನಂಗೂ ಒಂದೇ ದಿನ ಗೊತ್ತಾಯ್ತು. ಏನಾದ್ರೂ ತಪ್ಪು ಹುಡುಕ್ಬೇಕು ಅನ್ನಿಸ್ತು. ವಯಸ್ಸು ಸಿಕ್ತು."

ಹುಲ್ಡಾ ಬಾಟಲಿಯ ಮುಚ್ಚಳವನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಿದ್ದಳು.

"ಭಾನುವಾರ ಹೇಳೋಣ ಅಂತಿದ್ದೆ," ಎಂದಳು ಕೊನೆಗೆ. "ಪ್ರಾರ್ಥನೆ ಮುಗಿದ್ಮೇಲೆ ನಿಮ್ಮನೆಗೆ ಬಂದು, ಕಾಫಿ ಕುಡೀತಾ. ಏನು ಹಾಕ್ಕೋಬೇಕು ಅಂತ ಕೇಳ್ಬೇಕಿತ್ತು ನಿನ್ನ. ಸೋಮವಾರ ಪರವಾನಗಿ ತೆಗೆದ್ರೆ ಗುರುವಾರವೇ ಹಾಕಿಬಿಡ್ತಾರೆ ಅಂತ ನಂಗೆ ಗೊತ್ತಿರ್ಲಿಲ್ಲ. ನನ್ನ ಮೊದಲನೇ ಮದುವೇಲಿ ಹಾಗೆ ಹಾಕ್ತಿರ್ಲಿಲ್ಲ."

"ಭಾನುವಾರ?"

"ಭಾನುವಾರ."

"ಮೂರು ದಿನ," ಎಂದಳು ಆಲ್ವಿನಾ. "ಮೂರು ದಿನ ತಡೀದೆ ಕಾರ್ಡು ಹಾಕಿದೆನಲ್ಲ. ಪತ್ರಿಕೆಗೆ ಬರೆದದ್ದು ನನ್ನ ತಪ್ಪು. ಐವತ್ತೆಂಟು ತಪ್ಪಲ್ಲ. ಬರೆದದ್ದು ತಪ್ಪು."

"ಅಷ್ಟಾದ್ರೂ ಅಂದೆಯಲ್ಲ."

"ಹೊಸದಾಗಿ ತಿದ್ದುಪಡಿ ಹಾಕಿಸ್ಲಾ?"

"ಹಾಕಿಸಿ ನೋಡು!" ಎಂದು ಹುಲ್ಡಾ ಅಕ್ಕನ ತೋಳಿಗೆ ಒಂದೇಟು ಕೊಟ್ಟಳು, ಸಾಕಷ್ಟು ಜೋರಾಗಿಯೇ. ಆಮೇಲೆ ಆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಗೊರಕೆ ಪೂರ್ತಿ ನಿಂತುಹೋಗಿತ್ತು. ಲೀನಾ ಹೊದಿಕೆಯ ಅಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮಾತು ಇಪ್ಪತ್ತು ನಿಮಿಷಕ್ಕೆ ನಿಲ್ಲಲಿಲ್ಲ. ಮೂರಾಗುತ್ತಲೂ ವ್ಲಾಸ್ಟಾ ಬಾಗಿಲಲ್ಲಿ ಕಾಣಿಸಿಕೊಂಡಳು. ಅವಳ ಹಿಂದೆ ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು, ಹಾಸಿಗೆಯಲ್ಲಿ ಟೋಪಿ ಹಾಕಿಕೊಂಡು ಮಲಗಿರುವ ರೋಗಿಯನ್ನು ಕಂಡು ಬಾಯಿ ತೆರೆದುಕೊಂಡು ಕೂತಿದ್ದಳು.

"ಮಿಸೆಸ್ ಸೀಫ್ಕೆನ್, ಈಗ ನೀವು ಗುಣವಾದ್ರಿ," ಎಂದು ವ್ಲಾಸ್ಟಾ ಪುಸ್ತಕ ಬಿಡಿಸಿ, ಗಡಿಯಾರ ನೋಡಿ, ಖಾಲಿ ಮನೆಯಲ್ಲಿ ಮೂರು ಗಂಟೆ ಎರಡು ನಿಮಿಷ ಎಂದು ಬರೆದಳು. "ಯಾರು ಕರ್ಕೊಂಡು ಹೋಗೋರು? ಫೋಲ್ಕರ್ಟ್ಸ್ ಹೋದ್ನಲ್ಲ."

ಹುಲ್ಡಾ ಎದ್ದು ಟೋಪಿ ಸರಿಮಾಡಿಕೊಂಡಳು.

"ನನ್ನ ಕಾರು ಹೇಗೂ ಆ ಕಡೆಗೇ ಮುಖ ಮಾಡಿ ನಿಂತಿದೆ," ಎಂದಳು ಹುಲ್ಡಾ. "ತಿರುಗಿಸೋಕೆ ನಂಗೆ ಬರಲ್ಲ."

ಅವಳು ಕಾರು ಓಡಿಸಿದ ವೇಗಕ್ಕೆ ಐದನೆಯ ಪುಟದಲ್ಲಿ ಹೆಸರು ಬರುವ ಭಯವಿರಲಿಲ್ಲ. ದಾರಿಯಲ್ಲಿ ಆ ನಾಯಿಯೂ ಇವರನ್ನು ದಾಟಿ ಹೋಯಿತು. ಆಲ್ವಿನಾಳ ಮನೆ ಮುಂದೆ ಕಾರು ನಿಂತಾಗ ಇಬ್ಬರೂ ಇಳಿಯಲಿಲ್ಲ. ಮುಂದೆ ಗೇಟು, ಗೇಟಿನಾಚೆ ಮೂರು ಮೆಟ್ಟಿಲು, ಅದರಾಚೆ ಹೊಸ್ತಿಲು. ಇದು ಆಸ್ಪತ್ರೆಯಲ್ಲ. ಇಲ್ಲಿ ಯಾವ ಪಟ್ಟಿಯ ಆಸರೆಯೂ ಇರಲಿಲ್ಲ. ಎದುರು ಮನೆಯ ಪರದೆ ಆಗಲೇ ಅಲುಗಿತ್ತು.

"ಡಾಕ್ಟ್ರು ಪೆಟ್ಟಿಗೆ ಎತ್ತಬಾರ್ದು ಅಂದಿದಾರೆ," ಎಂದಳು ಆಲ್ವಿನಾ.

ಹುಲ್ಡಾ ಅವಳನ್ನು ಓರೆಗಣ್ಣಿನಿಂದ ನೋಡಿದಳು. ಅಕ್ಕ ಸುಳ್ಳು ಹೇಳಿದ್ದನ್ನು ಹುಟ್ಟಿದಾಗಿನಿಂದ ಅವಳು ಕೇಳಿರಲಿಲ್ಲ. ಹೇಗಿರುತ್ತದೆಂದು ಈಗ ಗೊತ್ತಾಯಿತು. ಕಿವಿ ಕೆಂಪಾಗುತ್ತದೆ.

"ಡಾಕ್ಟ್ರು ಅಂದಿದ್ರೆ ಸರಿ," ಎಂದು ಇಳಿದು ಪೆಟ್ಟಿಗೆ ಎತ್ತಿಕೊಂಡಳು. ಮೆಟ್ಟಿಲು ಹತ್ತಿ, ಬಾಗಿಲು ನೂಕಿ, ಒಳಗೆ ಹೋದಳು. ಒಂಬತ್ತು ದಿನ ಮುಚ್ಚಿದ್ದ ಮನೆ ಗವ್ವೆನ್ನುತ್ತಿತ್ತು. ಕಿಟಕಿಗಳನ್ನು ಒಂದೊಂದಾಗಿ ತೆಗೆದಳು. ಆಲ್ವಿನಾ ಬಂದು ಅಡಿಗೆಮನೆಯ ಕುರ್ಚಿಯಲ್ಲಿ ಕೂತಾಗ ಅವಳು ಕಪಾಟುಗಳ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು.

"ಕಾಫಿ ಡಬ್ಬಿ ಎಲ್ಲೇ ಇಟ್ಟಿದೀಯ? ಮೊದಲಿದ್ದ ಕಡೆ ಇಲ್ಲ."

"ಒಲೆ ಪಕ್ಕ. ಅಲ್ಲಿಗೆ ಬಂದು ನಾಲ್ಕು ವರ್ಷ ಆಯ್ತು."

"ನಂಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಹುಲ್ಡಾ ಡಬ್ಬಿ ತೆರೆಯುತ್ತಾ. "ಪತ್ರಿಕೇಲಿ ಹಾಕ್ಲಿಲ್ಲವಲ್ಲ."